ತಾಟಿನ ಎಡಕ್ಕಿಟ್ಟ ಶೇಂಗಾ ಹಿಂಡಿ: ಲಕ್ವಾ ಆದ ಮೇಲೆ ಮನೆಗೆಲಸದಲ್ಲೇ ವ್ಯಾಯಾಮ

ನಮ್ಮಾಕಿಗೆ, ಅಂದರೆ ನನ್ನ ಹೆಂಡತಿಗೆ, ಲಕ್ವಾ (ಪಾರ್ಶ್ವವಾಯು) ಹೊಡೆದದ್ದು ರೊಟ್ಟಿ ಬಡಿಯುತ್ತಿದ್ದಾಗ. ಎರಡು ವರ್ಷದ ಹಿಂದೆ, ನಮ್ಮ ವಿಜಯಪುರದ ಸಿದ್ಧೇಶ್ವರ ಜಾತ್ರೆ ಮುಗಿದು ನಾಲ್ಕು ದಿನ ಆಗಿತ್ತು. ನಾನು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಒಳಗಿನ ಟಪ್ ಟಪ್ ಸಪ್ಪಳ ತಾಳ ತಪ್ಪಿತು, ಆಮೇಲೆ ನಿಂತೇ ಬಿಟ್ಟಿತು. ಹೋಗಿ ನೋಡಿದರೆ ಮಣೆ ಮೇಲಿನ ರೊಟ್ಟಿ ಬಲಕ್ಕೆ ಹಾಳೆಯಷ್ಟು ತೆಳ್ಳಗೆ, ಎಡಕ್ಕೆ ಬೆರಳು ದಪ್ಪ. ಎಡಗೈ ಹಿಟ್ಟಿನಲ್ಲೇ ಬಿದ್ದಿತ್ತು, ಬಾಯಿ ಸ್ವಲ್ಪ ಸೊಟ್ಟ. “ಏನಾತು?” ಅಂದೆ. “ಏನಿಲ್ರಿ, ರೊಟ್ಟಿ ತಿರಗವಲ್ದು” ಅಂದಳು.

ಪಿತ್ತ ಏರಿರಬೇಕು ಅಂತ ನಾನು ಲಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸಿದೆ. ಆಮೇಲೆ ಬಂದ ಸಂಬಂಧಿಕರೊಬ್ಬರು ಇದು ಲಕ್ವಾನೇ, ಒಂದು ಹಳ್ಳಿಯಲ್ಲಿ ಎಣ್ಣೆ ಕೊಡ್ತಾರ, ಪಾರಿವಾಳದ ರಕ್ತ ತಿಕ್ಕಿದರ ನರ ಬಿಡ್ತಾವ ಅಂದರು. ಗಾಡಿ ಮಾಡಿಕೊಂಡು ಅಲ್ಲಿಗೆ ಹೋಗಿ, ಸಾಲಿನಲ್ಲಿ ಕೂತು, ತಿರುಗಿ ಬಂದು ಆಸ್ಪತ್ರೆ ಸೇರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಡಾಕ್ಟರು ಮೊದಲು ಕೇಳಿದ್ದು, ಶುರುವಾದದ್ದು ಎಷ್ಟು ಗಂಟೆಗೆ ಅಂತ. ಮೆದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದಿದ್ದರೆ ನಾಲ್ಕೂವರೆ ತಾಸಿನೊಳಗೆ ಕೊಡಬೇಕಂತೆ. 31 ವರ್ಷ ಬಸ್ ಕಂಡಕ್ಟರಾಗಿ ವೇಬಿಲ್‌ನಲ್ಲಿ (ಟ್ರಿಪ್ಪಿನ ಲೆಕ್ಕದ ಹಾಳೆ) ನಿಮಿಷ ನಿಮಿಷದ ಲೆಕ್ಕ ಬರೆದವನಿಗೆ ಆವತ್ತಿನ ಟೈಮ್ ಹೇಳಲು ಬರಲಿಲ್ಲ. ಆ ಪಾನಕವೂ ತಪ್ಪೇ, ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗಾಗಿ ಮುಂದೆ ಓದುವ ಮುಂಚೆ ಇಷ್ಟು ನೆನಪಿಡಿ: ಮುಖ ಸೊಟ್ಟ, ಎತ್ತಿದ ಕೈ ಜಾರುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ದಿಢೀರನೆ ಕಂಡರೂ ಗಡಿಯಾರ ನೋಡಿ, 108ಕ್ಕೆ ಫೋನ್ ಹಚ್ಚಿ, ಬಾಯಿಗೆ ಏನೂ ಹಾಕಬೇಡಿ. ಒಮ್ಮೆ ಆದವರಿಗೆ ಮತ್ತೆ ಆಗಬಹುದು, ಆದ್ದರಿಂದ ಈ ಮಾತು ನಮ್ಮ ಫ್ರಿಜ್ ಮೇಲೆ ಅಂಟಿಸಿದೆ.

ಉಳಿದದ್ದೆಲ್ಲ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಕಥೆ. ನಾನು ಡಾಕ್ಟರ್ ಅಲ್ಲ. ನಮ್ಮಾಕಿಗೆ ಹೊಂದಿದ್ದು ನಿಮ್ಮವರಿಗೆ ಹೊಂದದೆ ಇರಬಹುದು, ನಿಮ್ಮ ಫಿಸಿಯೋ (ವ್ಯಾಯಾಮ ಚಿಕಿತ್ಸೆ ಕೊಡುವವರು) ಹತ್ತಿರ ಕೇಳಿಕೊಂಡೇ ಮಾಡಿ.

ಅರ್ಧ ತಾಟು

ಮನೆಗೆ ಬಂದ ವಾರ ಊಟಕ್ಕೆ ಕೂಡಿಸಿದರೆ ತಾಟಿನ ಬಲಗಡೆಯ ರೊಟ್ಟಿ, ಪಲ್ಯ ತಿಂದು, “ಹಿಂಡಿ ಹಾಕಿಲ್ಲೇನ್ರಿ?” ಅನ್ನುತ್ತಿದ್ದಳು. ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಎಡಗಡೆ ಇತ್ತು. ತಾಟು ತಿರುಗಿಸಿ ಇಟ್ಟರೆ, “ಈಗ ಹಾಕಿದ್ರೇನ?” ಅಂತ ಕೇಳುತ್ತಿದ್ದಳು. ಕಣ್ಣು ಹೋಯಿತು ಅಂತ ನಾನು ಹೆದರಿದೆ. ಕಣ್ಣು ಸರಿಯಾಗೇ ಇತ್ತು. ಮೆದುಳಿನ ಬಲಭಾಗಕ್ಕೆ ಪೆಟ್ಟಾದರೆ ಎಡಗೈ ಎಡಗಾಲು ಸೋಲುವುದರ ಜೊತೆಗೆ ಕೆಲವರಿಗೆ ‘ಎಡ’ ಅನ್ನುವ ದಿಕ್ಕಿನ ಕಡೆ ಲಕ್ಷ್ಯವೇ ಹೋಗುವುದಿಲ್ಲ. ಬಸ್ಸಿನ ಬೋರ್ಡು ಓದು ಅಂದರೆ ‘ವಿಜಯಪುರ’ ಹೋಗಿ ‘ಪುರ’ ಆಗುತ್ತಿತ್ತು. ಒಂದು ರಾತ್ರಿ ಹಾಸಿಗೆಯಲ್ಲಿ ತನ್ನ ಎಡಗೈ ಮುಟ್ಟಿ, “ಇದ್ಯಾರ ಕೈರೀ, ನಿಮ್ಮ ತಂಗೀದೇನು? ತೆಗೀರಿ ಆಕಡೆ” ಅಂದಳು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಹೀಗೂ ಆಗುವುದುಂಟು, ವಾದ ಮಾಡಬೇಡಿ, ಆ ಕೈ ಮೇಲೆ ಆಕೆಯ ಬಲಗೈ ಇಟ್ಟು ಸವರಿಸಿ ಅಂತ ಫಿಸಿಯೋ ಹುಡುಗಿ ಮರುದಿನ ಹೇಳಿದ ಮೇಲೆ ಜೀವ ಬಂತು.

ಇದಕ್ಕೆ ನಾವು ಮಾಡಿದ್ದು ಹೀಗೆ. ಎಡಗೈಗೆ ಮಾತ್ರ ಹಸಿರು ಗಾಜಿನ ಬಳೆ ಹಾಕಿದೆವು, ಸಪ್ಪಳಕ್ಕೆ ಲಕ್ಷ್ಯ ಆ ಕಡೆ ತಿರುಗಲಿ ಅಂತ. (ಕೈ ಊದಿಕೊಂಡ ದಿನ ಬಳೆ ಬೇಡ.) ತಾಟಿನ ಎಡ ಅಂಚಿಗೆ ಕೆಂಪು ಟೇಪು. ದಿನಪತ್ರಿಕೆಯ ಅಂಕಣದ ಎಡಕ್ಕೆ ಕೆಂಪು ಗೆರೆ ಎಳೆದು, “ಗೆರೆ ಸಿಕ್ಕತೇನು?” ಅಂತ ಕೇಳಿ, ಗೆರೆ ಮುಟ್ಟಿದ ಮೇಲೆ ಓದಿಸುವುದು. ಪಕ್ಕದ ಮನೆಯ, ಬಲದಿಂದ ಎಡಕ್ಕೆ ಸಾಗುವ ಉರ್ದು ಓದುವ ಚಾಚಿ ಇದನ್ನು ನೋಡಿ ನಕ್ಕರು: “ನಮ್ಮ ಉರ್ದು ಆಗಿದ್ರ ಶುರು ಮಾಡೂದು ಸಲೀಸ್ ಇತ್ತು, ಸಾಲು ಮುಗಿಸೂದ ಕಷ್ಟ.” ಮೊದಲ ದಿನಗಳಲ್ಲಿ ಬೆಚ್ಚದಿರಲಿ ಅಂತ ಬಲಗಡೆಯಿಂದಲೇ ಮಾತಾಡಿಸುತ್ತಿದ್ದೆವು. ನಂತರ ಎದುರಿಗೆ, ಆಮೇಲೆ ಸ್ವಲ್ಪ ಸ್ವಲ್ಪವೇ ಎಡಕ್ಕೆ ಸರಿದೆವು. ಈಗ ಟಿವಿ, ಮೊಬೈಲ್, ಎಲೆ ಅಡಿಕೆ ತಟ್ಟೆ ಎಲ್ಲವೂ ಎಡಕ್ಕೇ. ನೀರಿನ ಲೋಟ ಮತ್ತು ಕರೆಗಂಟೆ ಮಾತ್ರ ಬಲಕ್ಕೆ. ಅರ್ಧ ರಾತ್ರಿ ಪರೀಕ್ಷೆ ಮಾಡಬಾರದು.

ಶೇಂಗಾ ಹಿಂಡಿಯೂ ಎಡಕ್ಕೇ. ಆಕೆಗೆ ಅದರ ಮೇಲೆ ಪ್ರಾಣ, ಹುಡುಕೇ ಹುಡುಕುತ್ತಾಳೆ. ಉಪ್ಪು ಮಾತ್ರ ಕಡಿಮೆ ಹಾಕಿ ಕುಟ್ಟುತ್ತೇನೆ. ದಿನಕ್ಕೆ ಒಬ್ಬರಿಗೆ ಒಟ್ಟು 5 ಗ್ರಾಮ್‌ಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚೆಯೊಳಗೆ, ಅಡುಗೆ ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ. ನಮ್ಮ ಕಡೆಯ ನಾಲಿಗೆಗೆ ಇದು ಶಿಕ್ಷೆಯೇ. ಆದರೆ ಆಕೆಗೆ ಲಕ್ವಾ ಆದದ್ದೇ ಬಿಪಿಯಿಂದ. ಗುಳಿಗೆ ತಲೆ ತಿರುಗಿಸುತ್ತದೆ ಅಂತ ಎರಡು ತಿಂಗಳು ತಾನೇ ಬಿಟ್ಟಿದ್ದಳು, ನನಗೂ ಗೊತ್ತಿರಲಿಲ್ಲ.

168ರಲ್ಲಿ ಎರಡು ತಾಸು

ಫಿಸಿಯೋ ಹುಡುಗಿ ವಾರಕ್ಕೆ ಮೂರು ದಿನ, 40 ನಿಮಿಷ ಬರುತ್ತಿದ್ದಳು. ಲೆಕ್ಕ ಹಾಕಿ: ವಾರಕ್ಕೆ 168 ತಾಸು, ಅದರಲ್ಲಿ ಆಕೆಯದು ಎರಡು. ನಾನು ಮೊದಲು ಮಾಡುತ್ತಿದ್ದದ್ದು, ಆಕೆ ಹೋದ ಮೇಲೆ ಹೆಂಡತಿಯನ್ನು ರಾಣಿಯಂತೆ ಮಲಗಿಸಿ ಎಲ್ಲ ನಾನೇ ಮಾಡುವುದು. ಊಟ ಮಾಡಿಸುವುದು, ತಲೆ ಬಾಚುವುದು, ಕುಪ್ಪಸದ ಗುಂಡಿ ಹಾಕುವುದು. ನೆಂಟರು ಹೊಗಳಿದ್ದೇ ಹೊಗಳಿದ್ದು. ಒಂದು ದಿನ ಹುಡುಗಿ ಸಿಟ್ಟಿನಲ್ಲೇ ಹೇಳಿದಳು: “ಅಂಕಲ್, ವ್ಯಾಯಾಮ ನಿಮಗ ಆಗಾಕತ್ತೇತಿ.” ಒಂದೇ ಕೆಲಸವನ್ನು ನೂರಾರು ಸಲ ಮಾಡಿದಾಗ ಮೆದುಳಿನ ಉಳಿದ ಭಾಗ ಅದನ್ನು ಹೊಸದಾಗಿ ಕಲಿಯುತ್ತದಂತೆ. ಗಾಳಿಯಲ್ಲಿ ಕೈ ಎತ್ತಿಳಿಸುವುದಕ್ಕಿಂತ ಆಕೆಗೆ ಬೇಕಾದ ಕೆಲಸವೇ ಆದರೆ ಇನ್ನೂ ಚಲೋ.

ಅವತ್ತಿನಿಂದ ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುವುದನ್ನು ಕಲಿಯಬೇಕಾಯಿತು. 31 ವರ್ಷ “ಲಗು ಲಗು, ಮುಂದ ಸರೀರಿ” ಅಂದ ಬಾಯಿ ಇದು. ಕುಪ್ಪಸದ ಒಂದು ಗುಂಡಿಗೆ ಹನ್ನೊಂದು ನಿಮಿಷ ಹಿಡಿದ ದಿನ ನಾಲಿಗೆ ಜಾರಿ “ಲಗು” ಅಂದೇ ಬಿಟ್ಟೆ. “ನಾ ಏನ್ ಬಸ್ ಹತ್ತಾಕ ಬಂದೇನೇನ್ರಿ?” ಅಂದಳು. ಲಕ್ವಾ ಆದ ಮೇಲೆ ಆಕೆ ಆಡಿದ ಮೊದಲ ಚೇಷ್ಟೆ ಅದು. ಈಗ ನಮ್ಮ ನಿಯಮ: ಮನಸ್ಸಿನಲ್ಲಿ ಇಪ್ಪತ್ತು ಎಣಿಸಬೇಕು. ಅಷ್ಟರೊಳಗೆ ಆಗದಿದ್ದರೆ ಬಾಯಲ್ಲಿ ಒಂದು ಸುಳಿವು ಕೊಡಬೇಕು. ಆಗಲೂ ಆಗದಿದ್ದರೆ ಒಂದು ಬೆರಳಿನಷ್ಟು ಸಹಾಯ. ಪೂರ್ತಿ ನಾನೇ ಮಾಡುವುದು ಕೊನೆಗೆ, ಅಥವಾ ಆಕೆ ದಣಿದಾಗ.

ದಣಿವು ನಿಜವಾದದ್ದು. ನೋಡಲು ಏನೂ ಕೆಲಸ ಮಾಡಿರುವುದಿಲ್ಲ, ಆದರೂ ಹನ್ನೊಂದು ಗಂಟೆಗೆ ಕಣ್ಣು ಕೂರುತ್ತಿದ್ದವು. ಅದು ಸೋಮಾರಿತನ ಅಂದುಕೊಂಡು ಎಬ್ಬಿಸಿ ನಡೆಸಿದ ದಿನವೇ ಬಿದ್ದಳು. ಹತ್ತು ಹದಿನೈದು ನಿಮಿಷದ ತುಣುಕುಗಳಲ್ಲಿ ಮಾಡಿಸಿ, ನಡುವೆ ಮಲಗಲು ಬಿಡಿ.

ಬೆಳಿಗ್ಗೆ

ಬಟ್ಟೆ ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಗಟ್ಟಿ ಕೈ ಮೊದಲು. ಇದೊಂದು ಗೊತ್ತಾದರೆ ಅರ್ಧ ಜಗಳ ಮುಗಿಯುತ್ತದೆ. ಹಿಂದೆ ಹುಕ್ ಇರುವುದು ಬೇಡ, ಮುಂದೆ ದೊಡ್ಡ ಗುಂಡಿ ಇರಲಿ. ಇಳಕಲ್ ಸೀರೆ ಬಿಟ್ಟು ನೈಟಿ ಉಡಲು ಆಕೆ ಒಪ್ಪಲು ತಿಂಗಳು ಹಿಡಿಯಿತು. ನೆರಿಗೆ ಮೊದಲೇ ಹೊಲಿದು ಸೊಂಟಕ್ಕೆ ಪಟ್ಟಿ ಹಚ್ಚಿದ ಸೀರೆ ಸೊಸೆ ಮಾಡಿಸಿ ಕೊಟ್ಟಳು, ಹಬ್ಬಕ್ಕೆ ಅದೇ.

ಎಬ್ಬಿಸುವಾಗ ಸೋತ ಕೈ ಹಿಡಿದು ಎಳೆಯಬೇಡಿ, ಕಂಕುಳಲ್ಲಿ ಕೈ ಹಾಕಿ ಎತ್ತಬೇಡಿ. ಸ್ನಾಯು ಸಡಿಲಾದ ಭುಜದ ಕೀಲು ಜಾರುತ್ತದೆ, ಆ ನೋವು ತಿಂಗಳುಗಟ್ಟಲೆ ಬಿಡುವುದಿಲ್ಲ. ಪ್ರೀತಿಯಿಂದ ಬಂದ ನೆಂಟರು ಮೊದಲು ಮಾಡುವುದೇ ಇದನ್ನು. ಕೂತಾಗ ಎಡಗೈ ತೊಡೆ ಪಕ್ಕ ಜೋತಾಡದಂತೆ ದಿಂಬಿನ ಮೇಲಿರಲಿ. ಎಡ ಮಗ್ಗುಲಲ್ಲಿ ಮಲಗಿದರೂ ತಪ್ಪಿಲ್ಲ, ಭುಜ ಮೈಕೆಳಗೆ ಸಿಕ್ಕದಂತೆ ಮುಂದಕ್ಕೆ ತಂದಿರಬೇಕು.

ಬಚ್ಚಲದಲ್ಲಿ ಹಿಡಿಕೆ, ಕೂಡಲು ಪ್ಲಾಸ್ಟಿಕ್ ಕುರ್ಚಿ, ಒಣ ನೆಲ. ನೀರಿನ ಬಿಸಿ ಬಲಗೈಯಿಂದಲೇ ನೋಡಬೇಕು. ಎಡಗೈಗೆ ಸುಡುವುದು ಗೊತ್ತಾಗುವುದಿಲ್ಲ ಅಂತ ನಮಗೆ ತಿಳಿದದ್ದು ಬೊಬ್ಬೆ ಎದ್ದ ಮೇಲೆ.

ರೊಟ್ಟಿ

ನೋಡಲು ಬಂದವರು ತಂದದ್ದು ಎರಡು: ಸೇಬು ಮತ್ತು ಹಿಚುಕುವ ಚೆಂಡು. ಏಳು ಚೆಂಡು ಆಗಿದ್ದವು. ಇಂಡಿ ಊರಿಂದ ಬಂದ ಆಕೆಯ ತಮ್ಮ ಚೆಂಡು ಸಿಗಲಿಲ್ಲ ಅಂತ ಒಂದು ಚೀಲ ಲಿಂಬೆಹಣ್ಣು ತಂದು, “ಇದನ್ನ ಹಿಚಕವ್ವಾ” ಅಂದ. ಆದರೆ ಆಕೆಯ ಎಡಗೈ ಆಗಲೇ ಮುಷ್ಟಿ ಕಟ್ಟಿಕೊಂಡಿತ್ತು. ಬಿಗಿದ ಮುಷ್ಟಿಗೆ ಚೆಂಡು ಕೊಟ್ಟು ಇನ್ನೂ ಬಿಗಿ ಅನ್ನುವುದು ಯಾಕೆ, ನಮಗೆ ಬೇಕಾದ್ದು ತೆರೆಯುವುದು ಅಂದಳು ಫಿಸಿಯೋ. ಚೆಂಡು ಮೊಮ್ಮಗನಿಗೆ ಹೋದವು, ಲಿಂಬೆ ಉಪ್ಪಿನಕಾಯಿಯೂ ಆಗಲಿಲ್ಲ, ಉಪ್ಪಿನ ಕಾರಣಕ್ಕೆ.

ಮುಷ್ಟಿ ಬಿಡಿಸಲು ಬೆರಳು ಹಿಡಿದು ಜಗ್ಗಬೇಡಿ. ಮೊದಲು ಮಣಿಕಟ್ಟು ಒಳಗಡೆ ಬಾಗಿಸಿ, ಬೆರಳು ತಾವೇ ಸಡಿಲಾಗುತ್ತವೆ. ಆಮೇಲೆ ಹೆಬ್ಬೆರಳು ಬುಡದಿಂದ ಹೊರಗೆ, ನಂತರ ಉಳಿದ ಬೆರಳು. ಅಂಗೈ ತೊಳೆದು ಪೂರ್ತಿ ಒಣಗಿಸಿ, ಉಗುರು ಕತ್ತರಿಸಿ. ನಾವು ಇದನ್ನು ಮರೆತು, ಅಂಗೈ ವಾಸನೆ ಹೊಡೆದಾಗ ನೋಡಿದರೆ ಉಗುರು ಚರ್ಮಕ್ಕೆ ನಟ್ಟಿತ್ತು.

ರೊಟ್ಟಿ ಬಡಿಯುವವರನ್ನು ಗಮನಿಸಿ ನೋಡಿದ್ದೀರಾ? ಮನೆಯಲ್ಲಿ ನಲವತ್ತು ವರ್ಷ ತಿಂದರೂ ನಾನು ನೋಡಿರಲಿಲ್ಲ. ಬಲಗೈ ಬಡಿಯುತ್ತದೆ. ಎಡಗೈ ಬೆರಳು ಬಿಚ್ಚಿ ಅಂಚು ಕಾಯುತ್ತ ಒಂದೊಂದು ಪೆಟ್ಟಿಗೂ ರೊಟ್ಟಿಯನ್ನು ಒಂದಿಷ್ಟು ತಿರುಗಿಸುತ್ತದೆ. ತೆರೆದ ಅಂಗೈ, ಎರಡೂ ಕೈಗೆ ಒಟ್ಟಿಗೆ ಕೆಲಸ, ಕಣ್ಣು ಎಡ ಅಂಚಿನ ಮೇಲೆ, ತಾಳ ಬೇರೆ. ಆಕೆಗೆ ಬೇಕಾದ ವ್ಯಾಯಾಮ ಎಲ್ಲ ಆ ಮಣೆ ಮೇಲಿತ್ತು.

ನೆಲದ ಮೇಲೆ ಕೂತು ಬಡಿಯುವುದು ಬಂದ್. ಗಟ್ಟಿ ಮೇಜು, ಕೈಯಿರುವ ಕುರ್ಚಿ, ಎರಡೂ ಪಾದ ನೆಲಕ್ಕೆ ಪೂರ್ತಿ ಊರಿರಬೇಕು. ಮೊದಲ ತಿಂಗಳು ಹಿಟ್ಟೇ ಇಲ್ಲ. ಮೇಜಿನ ಮೇಲೆ ಮಡಚಿದ ಟವೆಲ್, ಅದರ ಮೇಲೆ ಎಡ ಅಂಗೈ, ಮೇಲೆ ಬಲಗೈ, ಹೀಗೆ ಮುಂದಕ್ಕೂ ಹಿಂದಕ್ಕೂ ಎಡಕ್ಕೂ ಒರೆಸುವುದು. ಮೇಜು ಹೊಳೆಯಿತು. ಆಮೇಲೆ ನಾದಿ ಆರಿಸಿದ ಹಿಟ್ಟು. ಎಸರು ಬಿಸಿ ಇರುವುದರಿಂದ ನಾದುವುದು ನನ್ನ ಕೆಲಸ. ಹಿಟ್ಟಿನ ಮುದ್ದೆ ಮೇಲೆ ಎಡ ಅಂಗೈ ಇಟ್ಟು ಮೈಭಾರ ಬಿಟ್ಟು ಒತ್ತುವುದು, ಮೇಲೆ ನನ್ನ ಕೈ. ಮೂರನೇ ತಿಂಗಳಿಗೆ ನನ್ನ ಕೈ ತೆಗೆದೆ. ನಾಲ್ಕನೇ ತಿಂಗಳಿಗೆ ಆಕೆ ಬಡಿದ ಮೊದಲ ರೊಟ್ಟಿ ನಕಾಶೆಯಂತೆ ಬಂತು, ಎಡಕ್ಕೆ ದಪ್ಪ ದಂಡೆ. ಲಕ್ವಾ ಹೊಡೆದ ದಿನದ ರೊಟ್ಟಿಯಂತೆಯೇ. ನಾನು ಏನೂ ಅನ್ನಲಿಲ್ಲ. ಆಕೆಯೇ ಬೆರಳಿಂದ ಅಂಚು ಮುಟ್ಟಿ ನೋಡಿ, “ಇಲ್ಲಿ ದಪ್ಪ ಉಳದೈತಿ” ಅಂದಳು. ಎಡಗಡೆ ಏನೋ ಉಳಿದಿದೆ ಅಂತ ಆಕೆಗೇ ಗೊತ್ತಾದದ್ದು ಅವತ್ತು ಮೊದಲು. ಫಿಸಿಯೋಗೆ ಫೋನ್ ಮಾಡಿ ಹೇಳಿದರೆ ಆ ಹುಡುಗಿ ನನಗಿಂತ ಜೋರಾಗಿ ಕೂಗಿದಳು.

ಹಂಚಿನ ಹತ್ತಿರ ಆಕೆಯನ್ನು ಇನ್ನೂ ಬಿಟ್ಟಿಲ್ಲ. ಬಡಿಯುವುದು ಆಕೆ, ಬೇಯಿಸುವುದು ನಾನು. ಒಂದು ರೊಟ್ಟಿಗೆ ಎಡಗೈ ಮೂವತ್ತು ಮೂವತ್ತೈದು ಸಲ ತಿರುಗಿಸುತ್ತದೆ, ಎಣಿಸಿದ್ದೇನೆ. ಮೂರು ರೊಟ್ಟಿಗೆ ನೂರು. ಬೆಳಿಗ್ಗೆ ಮೂರು, ಸಂಜೆ ಎರಡು, ಅದಕ್ಕಿಂತ ಹೆಚ್ಚಾದರೆ ಭುಜ ನೋಯುತ್ತದೆ. ನಿಮ್ಮ ಮನೆಯಲ್ಲಿ ರೊಟ್ಟಿ ಬಡಿಯದವರಿದ್ದರೆ ಅವರ ಕೈಗೆ ಯಾವ ಕೆಲಸ ಒಗ್ಗಿತ್ತೋ ಅದನ್ನು ಹುಡುಕಿ. ಹೊಲಿಗೆ, ಹೂ ಕಟ್ಟುವುದು, ಎಲೆ ಮಡಚುವುದು, ಸೈಕಲ್ ರಿಪೇರಿ. ಮಧ್ಯಾಹ್ನ ನಮ್ಮದು ಇನ್ನೊಂದು ಆಟ: ನನ್ನ ಹಳೆಯ ಚರ್ಮದ ಚೀಲದೊಳಗೆ ಚಿಲ್ಲರೆ ಹಾಕಿಟ್ಟಿದ್ದೇನೆ. ಎಡಗೈ ಒಳಗೆ ಹಾಕಿ, ನೋಡದೆ, ಹತ್ತರ ನಾಣ್ಯ ತೆಗೆಯಬೇಕು. ಶುರುವಿಗೆ ಕೈ ಚೀಲದಲ್ಲಿದೆಯೋ ಹೊರಗಿದೆಯೋ ತಿಳಿಯುತ್ತಿರಲಿಲ್ಲ. ಈಗ ಹತ್ತರಲ್ಲಿ ಆರೇಳು ಸರಿ. ಸಿಕ್ಕ ನಾಣ್ಯ ಆಕೆಗೇ. ನನಗೆ ನಷ್ಟ ಆಗುತ್ತಿದೆ.

ಆರು ತಿಂಗಳಾದರೆ ಮುಗಿಯಿತು, ಮುಂದೆ ಸುಧಾರಿಸಲ್ಲ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೀರಿ. ಮೊದಲ ಮೂರರಿಂದ ಆರು ತಿಂಗಳಲ್ಲಿ ವೇಗ ಹೆಚ್ಚು, ಅದು ಖರೆ. ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. ನಾಣ್ಯ ಹುಡುಕುವುದು ಆಕೆಗೆ ಬಂದದ್ದು ಹದಿನಾಲ್ಕನೇ ತಿಂಗಳಿಗೆ.

ನುಂಗುವುದು, ನಡೆಯುವುದು

ಊಟಕ್ಕೆ ನೆಟ್ಟಗೆ ಕೂಡಿಸಿ, ಗದ್ದ ತುಸು ಎದೆಯ ಕಡೆ. ನೀರು ಕುಡಿದಾಗ ಕೆಮ್ಮು, ದನಿ ಗೊರಗೊರ ಆಗುವುದು, ಊಟದ ಮರುದಿನ ಜ್ವರ, ಇವು ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ನಮಗೆ ಎರಡು ತಿಂಗಳು ತೆಳು ನೀರು ಬೇಡ ಅಂದಿದ್ದರು, ಗಟ್ಟಿ ಅಂಬಲಿ ನಡೆಯಿತು. ಕಟಕ ರೊಟ್ಟಿ ಬೇಡ, ಬೇಳೆ ಸಾರಿನಲ್ಲಿ ನೆನೆಸಿದ ಮೆತ್ತನ ರೊಟ್ಟಿ. ಊಟ ಆದ ಮೇಲೆ ಎಡ ಗಲ್ಲದೊಳಗೆ ತುತ್ತು ಉಳಿದಿದೆಯಾ ನೋಡಿ, ಅದೂ ಅರ್ಧ ತಾಟಿನ ಸಂಗತಿಯೇ. ಅರ್ಧ ತಾಸು ಮಲಗಿಸಬೇಡಿ.

ಕೋಲು ಗಟ್ಟಿ ಕೈಯಲ್ಲಿ, ಜೊತೆಗಿರುವವರು ಸೋತ ಬದಿಯಲ್ಲಿ. ಮೆಟ್ಟಲು ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಇದಕ್ಕೆ ಗೋಳಗುಮ್ಮಟ ಹತ್ತಬೇಕಿಲ್ಲ, ಮನೆ ಮುಂದಿನ ಮೂರು ಮೆಟ್ಟಲು ಸಾಕು. ಸಂಜೆ ಬಿಸಿಲು ಇಳಿದ ಮೇಲೆ ಸಿದ್ಧೇಶ್ವರ ಗುಡಿಗೆ ಕರೆದೊಯ್ಯುತ್ತೇನೆ. ಪ್ರದಕ್ಷಿಣೆ ಹಾಕುವಾಗ ದೇವರು ಬಲಕ್ಕೆ, ಮಂದಿಯೆಲ್ಲ ಎಡಕ್ಕೆ. ಅಂದರೆ ಆಕೆಗೆ ಕಾಣದ ಕಡೆಗೇ ನೂಕುನುಗ್ಗಲು. ಮೊದಲ ಸಲ ಕಂಬಕ್ಕೂ ಒಬ್ಬ ಅಜ್ಜನಿಗೂ ಡಿಕ್ಕಿ ಹೊಡೆದಳು. ಈಗ ನಾನು ಎಡಕ್ಕೆ ನಡೆಯುತ್ತೇನೆ, ಪ್ರತಿ ಮೂಲೆಗೆ ನಿಂತು “ನಾ ಎಲ್ಲಿದ್ದೀನಿ?” ಅನ್ನುತ್ತೇನೆ, ಆಕೆ ತಿರುಗಿ ನೋಡಿದ ಮೇಲೆ ಮುಂದಿನ ಹೆಜ್ಜೆ. ಸೋಮವಾರ ಗದ್ದಲ, ಹೋಗುವುದಿಲ್ಲ.

ಬಿದ್ದರೆ ಏಳುವುದನ್ನೂ ಬೀಳುವ ಮುಂಚೆಯೇ ಫಿಸಿಯೋ ಎದುರಿಗೆ ಕಲಿತುಕೊಳ್ಳಿ: ಗಟ್ಟಿ ಮಗ್ಗುಲಿಗೆ ಹೊರಳಿ, ಮೊಣಕಾಲೂರಿ, ಕುರ್ಚಿ ಹಿಡಿದು. ಒಂದು ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಬೇಡಿ, ಅವತ್ತೇ ಆಸ್ಪತ್ರೆಗೆ.

ಅಳು

ಮೊದಲ ವರ್ಷ ಆಕೆ ಕಾರಣವಿಲ್ಲದೆ ಅಳುತ್ತಿದ್ದಳು. ಚಹಾ ಕೊಟ್ಟರೆ ಅಳು, ಮೊಮ್ಮಗ ವಿಡಿಯೋ ಕಾಲ್‌ನಲ್ಲಿ ಬಂದರೆ ಅಳು. ಕೇಳಿದರೆ “ದುಃಖ ಆಗಿಲ್ರಿ, ನೀರು ತಾನಾ ಬರ್ತಾವ.” ಲಕ್ವಾ ಆದವರಲ್ಲಿ ಹೀಗೆ ಅಳು, ನಗು ಕಡಿವಾಣ ತಪ್ಪುವುದುಂಟು. ಸಮಾಧಾನ ಮಾಡಲು ಹೋದಷ್ಟೂ ಹೆಚ್ಚುತ್ತಿತ್ತು, ಬೇರೆ ಮಾತು ತೆಗೆದರೆ ನಿಲ್ಲುತ್ತಿತ್ತು. ನಿಜವಾದ ಖಿನ್ನತೆ ಬೇರೆ, ಸರಿಸುಮಾರು ಮೂವರಲ್ಲಿ ಒಬ್ಬರಿಗೆ ಬರುತ್ತದೆ. ಹಿಂಡಿ ಕೂಡ ಬೇಡ ಅಂದು, ಗೋಡೆ ಕಡೆ ಮುಖ ಮಾಡಿ ಎರಡು ವಾರ ಮಲಗಿದಾಗ ಡಾಕ್ಟರಿಗೆ ಹೇಳಿದೆವು. ಗುಳಿಗೆ ಕೊಟ್ಟರು, ಹೊರಬಂದಳು. ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ?

ನನ್ನದೂ ಹೇಳಿಬಿಡುತ್ತೇನೆ. ಒಂದು ರಾತ್ರಿ ನಾಲ್ಕನೇ ಸಲ ಎಬ್ಬಿಸಿದಾಗ ಲೋಟ ಗೋಡೆಗೆ ಎಸೆದೆ. ಮರುದಿನ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸದ 14416ಕ್ಕೆ ಫೋನ್ ಮಾಡಿದೆ, ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ. ಈಗ ವಾರಕ್ಕೆ ಎರಡು ಸಂಜೆ ಚಾಚಿ ಬಂದು ಕೂರುತ್ತಾರೆ, ನಾನು ಎಲ್‌ಬಿಎಸ್ ಮಾರ್ಕೆಟ್ ಸುತ್ತಿ, ಹಳೇ ಡ್ರೈವರುಗಳ ಜೊತೆ ಚಹಾ ಕುಡಿದು ಬರುತ್ತೇನೆ.

ಬಸ್ಸು

ಕಳೆದ ತಿಂಗಳು ಇಂಡಿಗೆ, ಲಿಂಬೆಹಣ್ಣಿನ ತಮ್ಮನ ಮನೆಗೆ ಹೋದೆವು. ಅದಕ್ಕೆ ಮೂರು ವಾರ ತಾಲೀಮು. ಬಸ್ಸಿನ ಮೊದಲ ಮೆಟ್ಟಲು ಎತ್ತರ, ಅದಕ್ಕೆ ಮನೆಯಲ್ಲಿ ಎರಡು ಇಟ್ಟಿಗೆ ಸಾಲು ಪೇರಿಸಿ ಮೇಲೆ ಹಲಗೆ ಕಟ್ಟಿ ಅಷ್ಟೇ ಎತ್ತರ ಮಾಡಿದೆ. ಗಟ್ಟಿ ಕಾಲು ಮೇಲೆ, ಬಲಗೈ ಕಂಬಿಗೆ, ನಾನು ಹಿಂದೆ. ಬಸ್ ಸ್ಟ್ಯಾಂಡಿನಲ್ಲಿ ಗಾಡಿ ಹೊರಡುವ ಹದಿನೈದು ನಿಮಿಷ ಮುಂಚೆ ಹೋಗಿ, ಕಂಡಕ್ಟರಿಗೆ ಮೊದಲೇ ಹೇಳಿ, ಕಿಟಕಿ ಆಕೆಯ ಎಡಕ್ಕೆ ಬರುವ ಸೀಟು ಹಿಡಿದೆ. ಹೊಲ, ಬೋರ್ಡು, ದನ ಎಲ್ಲ ಎಡಕ್ಕೇ ಬರಲಿ ಅಂತ. ದಾರಿಯುದ್ದಕ್ಕೂ ಬೋರ್ಡು ಓದಿಸಿದೆ, ಊರಿನ ಹೆಸರಿನ ಮೊದಲ ಅಕ್ಷರ ಎರಡು ಸಲ ಮಾತ್ರ ತಪ್ಪಿತು.

ತಮ್ಮನ ಮನೆಯಲ್ಲಿ ಕಮೋಡ್ ಇಲ್ಲ, ಹಾಗಾಗಿ ಮಡಚುವ ಕಮೋಡ್ ಕುರ್ಚಿ ಜೊತೆಗೇ ಒಯ್ದಿದ್ದೆವು. ಶಕ್ತಿ ಯೋಜನೆಯಲ್ಲಿ ಆಕೆಗೆ ಶೂನ್ಯ ಟಿಕೆಟ್. ಟಿಕೆಟನ್ನು ಎಡಗೈಯಲ್ಲೇ ಇಸಿದುಕೊಂಡಳು, ಹುಡುಗ ಕಂಡಕ್ಟರ್ ಕೈ ಚಾಚಿ ನಿಂತೇ ಇದ್ದ, ಬೆರಳು ಬಿಚ್ಚುವ ತನಕ. ಆಮೇಲೆ ಕುರ್ಚಿ ಕಡೆ ನೋಡಿ ನನಗೆ ಲಗೇಜ್ ಟಿಕೆಟ್ ಹರಿದು ಕೊಟ್ಟ. ನಾನೂ ಹರಿಯುತ್ತಿದ್ದೆ.